ಹನ್ನೆರಡು ಪಾಯಿಂಟ್ ನಾಲ್ಕು

ನಾನು ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಂಗಡಿಯ ಒಂದು ಹಳೆಯ ಲೆಕ್ಕದ ಪುಸ್ತಕ ಈಗ ನಮ್ಮ ಮನೆಯ ಬೀರುವಿನಲ್ಲಿದೆ. ಮೊದಲ ಹಾಳೆಗಳಲ್ಲಿ ಮೆಕ್ಕೆಜೋಳದ ಚೀಲ, ತೂಕ, ಹಮಾಲಿ, ಕಮಿಷನ್. ಕೊನೆಯ ಹನ್ನೊಂದು ಹಾಳೆಗಳಲ್ಲಿ ನನ್ನ ಮಗಳ ಲೆಕ್ಕ ಇದೆ. ಅವಳು ಹುಟ್ಟಿದ ರಾತ್ರಿ ಕೈಗೆ ಸಿಕ್ಕಿದ್ದು ಅದೇ ಪುಸ್ತಕ. ಆಸ್ಪತ್ರೆಯಲ್ಲಿ ಏನು ಹೇಳಿದರೂ ಅದರಲ್ಲೇ ಬರೆದುಕೊಂಡೆ.

ಕಳೆದ ವಾರ ಅವಳಿಗೆ ಎರಡು ವರ್ಷ ತುಂಬಿತು. ಅವತ್ತೇ ರಾತ್ರಿ ಜಗಳೂರು ಕಡೆಯ ಒಬ್ಬರು ಫೋನ್ ಮಾಡಿದ್ದರು. ಅವರ ಮಗನೂ ನನ್ನ ಮಗಳೂ ಒಂದೇ ವಾರ್ಡಿನಲ್ಲಿ ಇದ್ದವರು, ಇಬ್ಬರಿಗೂ ಕಾಮಾಲೆ ಏರಿತ್ತು. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಪುಸ್ತಕ ತೆಗೆದು ಓದುತ್ತಾ ಕೂತೆ. ಬೆಳಿಗ್ಗೆ ಇದನ್ನು ಬರೆಯಲು ಶುರು ಮಾಡಿದೆ.

ಏಳನೇ ತಿಂಗಳಲ್ಲಿ ಕುಬಸ ಮಾಡಿ ಹೆಂಡತಿಯನ್ನು ತವರಿಗೆ ಕಳಿಸಿದ್ದೆವು. ಭರಮಸಾಗರದ ಹತ್ತಿರದ ಹಳ್ಳಿ. ಹೋಗಿ ಐದೇ ದಿನ ಆಗಿತ್ತು. ರಾತ್ರಿ ನೀರು ಹೋಗಿಬಿಟ್ಟಿತು. 108 ಗಾಡಿಯಲ್ಲಿ ಹೈವೇ ಹಿಡಿದು ದಾವಣಗೆರೆಗೆ ಕರೆತಂದರು. ಬೆಳಗಿನ ಜಾವ ಹೆರಿಗೆ ಆಯಿತು. ಹೆಣ್ಣು ಮಗು, 30 ವಾರ 2 ದಿನ, 1,290 ಗ್ರಾಂ. ಪುಸ್ತಕದ ಮೊದಲ ಸಾಲು ಇದೇ.

ನಮ್ಮತ್ತೆ ಹೇಳಿದ್ದು ಒಂದೇ ಮಾತು: "ಹೆದರ್ಕೋಬೇಡ್ರಿ, ಏಳು ತಿಂಗಳ ಕೂಸು ಉಳಿತೈತಿ. ಎಂಟು ತಿಂಗಳದ್ದೇ ಕಷ್ಟ." ಆಗ ಆ ಮಾತು ನನಗೆ ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳಲಾರೆ. ಅದು ನಿಜ ಅಲ್ಲ, ಹೊಟ್ಟೆಯಲ್ಲಿ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಮಗುವಿಗೆ ಒಳ್ಳೆಯದು ಅಂತ ಆಮೇಲೆ ಗೊತ್ತಾಯಿತು.

ಎರಡನೇ ದಿನ ಪೂರ್ತಿ ಉಸಿರಾಟದ ಚಿಂತೆ. ಮೂರನೇ ದಿನ ಬೆಳಿಗ್ಗೆ ಸಿಸ್ಟರ್ ಬಂದು, "ಪಾಪುಗೆ ಬಿಲಿರುಬಿನ್ 9.1 ಬಂದಿದೆ, ಲೈಟಿಗೆ ಹಾಕಿದ್ದೀವಿ" ಅಂದರು. ಬಿಲಿರುಬಿನ್ ಅಂದರೆ ಕಾಮಾಲೆಯಲ್ಲಿ ಏರುವ ಹಳದಿ ವಸ್ತು, ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಅಂತ ಅಳೆಯುತ್ತಾರೆ. ಹುಟ್ಟಿ 50 ಗಂಟೆ ಆಗಿತ್ತು. ಗಾಜಿನಾಚೆ ನೋಡಿದೆ. ನೀಲಿ ಬೆಳಕು. ಅದರ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಂಗೈಯಷ್ಟು ಮೈ.

ತಂಗಿಗೆ ಫೋನ್ ಮಾಡಿದೆ. ಅವಳ ಮಗನಿಗೂ ಹಿಂದಿನ ವರ್ಷ ಕಾಮಾಲೆ ಆಗಿತ್ತು. "ಅಣ್ಣ, 9 ಅಂದ್ರೆ ಏನೂ ಅಲ್ಲ. ನಮ್ಮ ಪಾಪುಗೆ ನಾಲ್ಕನೇ ದಿನ 14 ಇತ್ತು. ಲೈಟೂ ಇಲ್ಲ, ಏನೂ ಇಲ್ಲ, ಹಾಲು ಚೆನ್ನಾಗಿ ಕುಡಿಸಿ ಅಂತ ಮನೆಗೆ ಕಳಿಸಿದ್ರು" ಅಂದಳು.

ನನಗೆ ಸಿಟ್ಟು ಬಂತು. ಅವಳ ಮಗನಿಗೆ 14 ಇದ್ದರೂ ಏನೂ ಮಾಡಲಿಲ್ಲ, ನನ್ನ ಮಗಳಿಗೆ 9ಕ್ಕೇ ಲೈಟು. ಬಿಲ್ ಏರಿಸೋದಕ್ಕೆ ಅಂತಲೇ ಅಂದುಕೊಂಡೆ. ರೌಂಡ್ಸ್ ಮುಗಿಸಿ ಬಂದ ಡಾಕ್ಟರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನಿಮ್ಮ ತಂಗಿ ಮಗು ಎಷ್ಟು ವಾರಕ್ಕೆ ಹುಟ್ಟಿದ್ದು?" ಅಂದರು. 39 ಅಂದೆ. "ಎಷ್ಟು ತೂಕ?" ಮೂರು ಕೆಜಿ. "ಹುಟ್ಟಿದ ತಕ್ಷಣ ಅತ್ತು, ಹಾಲು ಕುಡಿದು, ಏನೂ ತೊಂದರೆ ಇರಲಿಲ್ಲ ಅಲ್ವಾ? ಆ ಮಗುವಿನ 14 ಬೇರೆ, ಈ ಮಗುವಿನ 9 ಬೇರೆ."

ನನಗೆ ತಕ್ಷಣ ನಮ್ಮ ಯಾರ್ಡಿನ ಜೋಳ ನೆನಪಾಯಿತು. ಎರಡು ರಾಶಿಯ ತೂಕ ಒಂದೇ ಇದ್ದರೂ ನಾವು ಒಂದೇ ರೇಟು ಹಾಕುವುದಿಲ್ಲ. ಮೊದಲು ಮೀಟರ್ ಇಟ್ಟು ತೇವಾಂಶ ನೋಡುತ್ತೇವೆ. 14 ಇದ್ದ ಜೋಳ ಗೋಡೌನಿನಲ್ಲಿ ಉಳಿಯುತ್ತದೆ. 20 ಇದ್ದದ್ದು ಬೂಷ್ಟು ಹಿಡಿಯುತ್ತದೆ. ದಿನವೂ ಮಾಡುವ ಕೆಲಸ. ಮಗಳ ವಿಷಯದಲ್ಲಿ ಮಾತ್ರ ಬರೀ ಒಂದು ಅಂಕಿ ಹಿಡಿದುಕೊಂಡು ಜಗಳಕ್ಕೆ ಹೋಗಿದ್ದೆ.

ಡಾಕ್ಟರ್ ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದುಕೊಂಡಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಹೇಳುತ್ತೇನೆ.

ನಮ್ಮ ರಕ್ತದ ಕೆಂಪು ಕಣಗಳು ಒಡೆದಾಗ ಹಳದಿ ಬಣ್ಣದ ಒಂದು ವಸ್ತು ಬರುತ್ತದೆ. ಅದೇ ಬಿಲಿರುಬಿನ್. ಅದು ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ರಕ್ತದಲ್ಲಿ ಅದನ್ನು ಹೊತ್ತುಕೊಂಡು ಹೋಗಲು ಅಲ್ಬುಮಿನ್ ಅನ್ನುವ ಪ್ರೋಟೀನ್ ಬೇಕು. ಅಲ್ಬುಮಿನ್ ಅಂದರೆ ಹಮಾಲರು ಅಂತ ಇಟ್ಟುಕೊಳ್ಳಿ. ಬಿಲಿರುಬಿನ್ ಚೀಲ. ಹಮಾಲರು ಚೀಲವನ್ನು ಲಿವರ್ ತನಕ ಹೊತ್ತುಕೊಂಡು ಹೋಗುತ್ತಾರೆ. ಲಿವರ್ ಅದನ್ನು ನೀರಿನಲ್ಲಿ ಕರಗುವ ಹಾಗೆ ಮಾಡಿ ಪಿತ್ತದ ಜೊತೆ ಕರುಳಿಗೆ ಬಿಡುತ್ತದೆ. ಮಲದಲ್ಲಿ ಹೊರಗೆ ಹೋಗುತ್ತದೆ.

ಹಮಾಲರ ಹೆಗಲ ಮೇಲಿರುವ ಚೀಲದಿಂದ ತೊಂದರೆ ಇಲ್ಲ. ಹೆಗಲು ಸಿಗದೆ ಬಿಡಿಯಾಗಿ ಓಡಾಡುವ ಬಿಲಿರುಬಿನ್ ಇದೆಯಲ್ಲ, ಅದು ಮಿದುಳಿನೊಳಗೆ ನುಗ್ಗುತ್ತದೆ. ಮಿದುಳಿನ ಆಳದಲ್ಲಿ ಕೈಕಾಲಿನ ಚಲನೆ ಹಿಡಿತದಲ್ಲಿಡುವ ಜಾಗ, ಕಿವಿಯಿಂದ ಬಂದ ಶಬ್ದವನ್ನು ಮುಂದೆ ಕಳಿಸುವ ಜಾಗ, ಇವನ್ನೇ ಮೊದಲು ಹಿಡಿಯುತ್ತದೆ. ಅಲ್ಲಿ ಕೂತು ಹಾಳು ಮಾಡಿದರೆ ಅದಕ್ಕೆ ಕರ್ನಿಕ್ಟೆರಸ್ ಅಂತ ಹೆಸರು. ಒಮ್ಮೆ ಕಾಯಂ ಆಗಿ ಹಾಳಾದರೆ ವಾಪಸ್ ತರುವ ಔಷಧಿ ಇಲ್ಲ. ಅದಕ್ಕೇ ಮೊದಲೇ ತಡೆಯಬೇಕು.

ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಎಲ್ಲಾ ಕಡೆಯಿಂದಲೂ ಕಷ್ಟ. ಅದರ ಕೆಂಪು ಕಣಗಳಿಗೆ ಆಯಸ್ಸು ಕಮ್ಮಿ, ಚೀಲ ಜಾಸ್ತಿ ಬರುತ್ತಲೇ ಇರುತ್ತವೆ. ಹಮಾಲರು ಕಡಿಮೆ. ಲಿವರ್ ಇನ್ನೂ ಬಲಿತಿಲ್ಲ. ಹಾಲು ಹನಿ ಹನಿ ಹೋಗುವುದರಿಂದ ಕರುಳು ನಿಧಾನ, ಹೊರಗೆ ಹೋಗಬೇಕಾದದ್ದು ಮತ್ತೆ ರಕ್ತಕ್ಕೇ ಸೇರುತ್ತದೆ. ಇದರ ಮೇಲೆ ಸೋಂಕು ಬಂದರೆ, ಉಸಿರು ಕಮ್ಮಿಯಾದರೆ, ರಕ್ತ ಹುಳಿಯಾದರೆ ಮಿದುಳಿನ ಕಾವಲೂ ಸಡಿಲ ಆಗುತ್ತದೆ. 39 ವಾರದ ಗಟ್ಟಿ ಮಗು 14 ತಡೆದುಕೊಳ್ಳುತ್ತದೆ. 30 ವಾರದ್ದು ತಡೆದುಕೊಳ್ಳುತ್ತದೆ ಅಂತ ಯಾರೂ ಧೈರ್ಯವಾಗಿ ಹೇಳಲಾರರು.

ಹಾಗಾದರೆ ಗೆರೆ ಎಲ್ಲಿ ಎಳೆಯುತ್ತಾರೆ? ಡಾಕ್ಟರ್ ಒಂದು ಪಟ್ಟಿ ತೋರಿಸಿದರು. ಅಮೆರಿಕದ ತಜ್ಞರು 2012ರಲ್ಲಿ ಮಾಡಿದ್ದು, 35 ವಾರಕ್ಕಿಂತ ಮೊದಲು ಹುಟ್ಟಿದ ಮಕ್ಕಳಿಗೆ. ನಾನು ಹಾಗೇ ಇಳಿಸಿಕೊಂಡೆ. 28 ವಾರಕ್ಕಿಂತ ಮೊದಲು ಹುಟ್ಟಿದ್ದರೆ 5ರಿಂದ 6ಕ್ಕೇ ಲೈಟು ಶುರು. 28, 29ನೇ ವಾರಕ್ಕೆ 6ರಿಂದ 8. ನಮ್ಮ ಮಗಳ ಸಾಲು 30, 31ನೇ ವಾರದ್ದು, 8ರಿಂದ 10. 32, 33ಕ್ಕೆ 10ರಿಂದ 12. 34ಕ್ಕೆ 12ರಿಂದ 14. ಲೈಟಿಗೂ ಬಗ್ಗದೆ ಏರಿದರೆ ಮಗುವಿನ ರಕ್ತವನ್ನೇ ಬದಲಾಯಿಸಬೇಕು. ನಮ್ಮ ಸಾಲಿನಲ್ಲಿ ಅದಕ್ಕೆ 13ರಿಂದ 16 ಅಂತ ಇತ್ತು.

ಇಂಗ್ಲೆಂಡಿನವರ ಲೆಕ್ಕ ಬೇರೆ. ನನ್ನಂಥವನಿಗೆ ಅದು ಬಹಳ ಇಷ್ಟವಾಯಿತು. ಮೂರು ದಿನ ದಾಟಿದ ಮಗುವಿಗೆ, ಹುಟ್ಟಿದ ವಾರವನ್ನು ಹತ್ತರಿಂದ ಗುಣಿಸಿ ನೂರು ಕಳೆದರೆ ಲೈಟಿನ ಗೆರೆ. ನೂರು ಕಳೆಯದಿದ್ದರೆ ರಕ್ತ ಬದಲಾಯಿಸುವ ಗೆರೆ. ಅವರ ಅಳತೆ ಮೈಕ್ರೋಮೋಲ್, 17ರಿಂದ ಭಾಗಿಸಿದರೆ ಹೆಚ್ಚುಕಮ್ಮಿ ನಮ್ಮ ಮಿಲಿಗ್ರಾಂ ಲೆಕ್ಕ ಬರುತ್ತದೆ. 30 ವಾರಕ್ಕೆ 200 ಮತ್ತು 300. ಅಂದರೆ ಸುಮಾರು 11.7 ಮತ್ತು 17.5. ಅಮೆರಿಕದ ಪಟ್ಟಿಗೂ ಇದಕ್ಕೂ ತಾಳೆ ಆಗುವುದಿಲ್ಲ. ಯಾಕೆ ಅಂತ ಕೇಳಿದೆ. "ಇವು ತಜ್ಞರು ಕೂತು, ಅನುಭವ ಸೇರಿಸಿ ಒಪ್ಪಿಕೊಂಡ ಗೆರೆಗಳು. ಇಷ್ಟಕ್ಕೆ ಮಿದುಳು ಹಾಳಾಗುತ್ತೆ, ಅದಕ್ಕಿಂತ ಒಂದು ಪಾಯಿಂಟ್ ಕೆಳಗೆ ಇದ್ರೆ ಆಗಲ್ಲ ಅನ್ನೋ ಅಂಕಿ ಯಾರ ಹತ್ರಾನೂ ಇಲ್ಲ. ಅದಕ್ಕೇ ನಾವು ಮಗು ನೋಡ್ತೀವಿ" ಅಂದರು.

ಅವತ್ತು ನಾನು ಕ್ಷಮೆ ಕೇಳಿದೆ. ತಂಗಿಗೂ ಫೋನ್ ಮಾಡಿ ಹೇಳಿದೆ.

ಲೈಟಿನ ಬಗ್ಗೆ ಒಂದು ಮಾತು. ನಮ್ಮತ್ತೆ ದಿನಾ ಕೇಳುತ್ತಿದ್ದರು, "ಆ ನೀಲಿ ಬಲ್ಬ್ ಯಾಕ್ರಿ, ಬೆಳಗಿನ ಎಳೆಬಿಸಿಲಿಗೆ ಹಿಡಿದ್ರೆ ಆಗಲ್ವಾ?" ಅವರ ಮಾತಿಗೆ ಒಂದು ಬೇರು ಇದೆ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಅಂತ ಒಬ್ಬ ಸಿಸ್ಟರ್ ಇದ್ದರು. ಬಿಸಿಲಿದ್ದ ದಿನ ಅವರು ತಿಂಗಳು ತುಂಬದ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯುತ್ತಿದ್ದರು. ಒಂದು ಮಗುವಿನ ಮೈಯೆಲ್ಲಾ ಬೆಳ್ಳಗೆ, ಒಂದು ತ್ರಿಕೋನದಷ್ಟು ಜಾಗ ಮಾತ್ರ ಹಳದಿ ಇತ್ತು. ಹೊದಿಕೆಯ ಮೂಲೆ ಅಲ್ಲಿ ಮುಚ್ಚಿತ್ತು, ಬಿಸಿಲು ಬಿದ್ದಿರಲಿಲ್ಲ. ಅದನ್ನು ಅವರು ಡಾಕ್ಟರರಿಗೆ ತೋರಿಸಿದರು. ಅಲ್ಲಿಂದ ಹುಡುಕುತ್ತಾ ಹೋಗಿ ರಿಚರ್ಡ್ ಕ್ರೀಮರ್ ಮತ್ತು ಜೊತೆಯವರು 1958ರಲ್ಲಿ ಬೆಳಕಿನ ಚಿಕಿತ್ಸೆಯನ್ನು ಪ್ರಕಟಿಸಿದರು. ನೀಲಿ ಬೆಳಕು ಚರ್ಮದೊಳಗಿನ ಬಿಲಿರುಬಿನ್ನಿನ ಆಕಾರ ಬದಲಾಯಿಸುತ್ತದೆ. ಆಗ ಲಿವರಿನ ಕೆಲಸ ಇಲ್ಲದೆಯೂ ಅದು ಹೊರಗೆ ಹೋಗಬಲ್ಲದು. ಹೀಗೆ ಅತ್ತೆಗೆ ಹೇಳಿದೆ. ಆದರೆ 1,290 ಗ್ರಾಂ ಮಗುವನ್ನು ಬಿಸಿಲಿಗೆ ಬಿಚ್ಚಿಟ್ಟರೆ ಒಂದೋ ಮೈ ತಣ್ಣಗಾಗುತ್ತದೆ, ಇಲ್ಲವೇ ಸುಡುತ್ತದೆ. ಬೆಳಕು ಎಷ್ಟು ಬಿತ್ತು ಅಂತ ಅಳೆಯಲೂ ಆಗುವುದಿಲ್ಲ. ಅತ್ತೆ ಒಪ್ಪಿದರು. ಅರಿಶಿನದ ವಿಷಯದಲ್ಲಿ ಮಾತ್ರ ಒಪ್ಪಲಿಲ್ಲ. ಬಾಣಂತಿ ಅರಿಶಿನ ತಿಂದರೆ ಕೂಸು ಹಳದಿ ಆಗುತ್ತದೆ ಅಂತ ಹೆಂಡತಿಯ ಸಾರಿಗೆ ಅರಿಶಿನ ಹಾಕಲೇ ಇಲ್ಲ. ಅದರಿಂದ ತೊಂದರೆ ಏನಿಲ್ಲ, ಸುಮ್ನೆ ಬಿಟ್ಟೆ.

ಈಗ ಆರನೇ ದಿನಕ್ಕೆ ಬರುತ್ತೇನೆ. ಪುಸ್ತಕದ ಆ ಹಾಳೆಯಲ್ಲಿ ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ.

ನಾಲ್ಕನೇ ದಿನ 7.4ಕ್ಕೆ ಇಳಿದಿತ್ತು. ಲೈಟ್ ತೆಗೆದರು. ಐದನೇ ದಿನ ಸಂಜೆ 8.6. ಲೈಟ್ ತೆಗೆದ ಮೇಲೆ ಸ್ವಲ್ಪ ಏರುವುದು ಸಹಜ ಅಂದರು. ಆರನೇ ದಿನ ಬೆಳಿಗ್ಗೆ ಮಗು ಎರಡು ಸಲ ಉಸಿರು ನಿಲ್ಲಿಸಿತು. ಸಿಸ್ಟರ್ ಪಾದಕ್ಕೆ ತಟ್ಟಿ ಎಬ್ಬಿಸಿದರು. ಹೊಟ್ಟೆ ಸ್ವಲ್ಪ ಉಬ್ಬಿತ್ತು. ಸೋಂಕು ಇರಬಹುದು ಅಂತ ರಕ್ತ ಕಳಿಸಿದರು. ಹತ್ತು ಗಂಟೆ ಹೊತ್ತಿಗೆ ರಿಪೋರ್ಟ್ ಬಂತು. ಬಿಲಿರುಬಿನ್ 12.4. ಅಲ್ಬುಮಿನ್ 2.2.

ನಾನು ಪಟ್ಟಿ ನೋಡಿಕೊಂಡೆ. ರಕ್ತ ಬದಲಾಯಿಸಲು 13ರಿಂದ 16. ಇದು 12.4. ಇನ್ನೂ ಗೆರೆಯ ಕೆಳಗೇ ಇದೆ ಅಲ್ವಾ ಅಂತ ಸಮಾಧಾನ ಮಾಡಿಕೊಂಡೆ. ಡಾಕ್ಟರ್ ಮುಖದಲ್ಲಿ ಸಮಾಧಾನ ಇರಲಿಲ್ಲ. "ಈ ಮಗುವಿಗೆ ಆ ಸಾಲಿನ ಕಡಿಮೆ ಅಂಕಿ, 13, ಲೆಕ್ಕಕ್ಕೆ ತಗೋಬೇಕು. ಸೋಂಕು ಇದೆ. ಉಸಿರು ನಿಲ್ಲಿಸ್ತಿದೆ. ಅಲ್ಬುಮಿನ್ ಕಡಿಮೆ ಇದೆ. ಮೇಲಾಗಿ ಎಷ್ಟು ಬೇಗ ಏರಿದೆ ನೋಡಿ" ಅಂದರು. ಪುಸ್ತಕದಲ್ಲಿ ಲೆಕ್ಕ ಹಾಕಿದೆ. 18 ಗಂಟೆಯಲ್ಲಿ 3.8. ಗಂಟೆಗೆ 0.2ಕ್ಕಿಂತ ಜಾಸ್ತಿ. ಹುಟ್ಟಿದ ಮೊದಲ ದಿನ ಕಳೆದ ಮೇಲೆ ಗಂಟೆಗೆ 0.2 ಏರಿದರೆ ಕೆಂಪು ಕಣ ಬೇಗ ಒಡೆಯುತ್ತಿದೆಯೇನೋ ಅಂತ ಅನುಮಾನ ಪಡಬೇಕಂತೆ. ತಾಯಿ ಬಿ ಪಾಸಿಟಿವ್, ಮಗುವೂ ಬಿ ಪಾಸಿಟಿವ್, ಗುಂಪಿನ ಜಗಳ ಇರಲಿಲ್ಲ. ಕೆಂಪು ಕಣವನ್ನು ಕಾಪಾಡುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇದೆಯಾ ಅಂತಲೂ ನೋಡಿದರು. ಇರಲಿಲ್ಲ. ಸೋಂಕೇ ಕಾರಣ ಅಂದರು.

ನಾನು ಕೇಳಿದೆ, "ಮಿದುಳಿಗೆ ಏನಾದ್ರೂ ಆಗ್ತಿದ್ರೆ ಹೇಗೆ ಗೊತ್ತಾಗುತ್ತೆ ಮೇಡಂ?"

ಅವರು ಹೇಳಿದ ಉತ್ತರ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ತಿಂಗಳು ತುಂಬಿದ ಮಗುವಾದರೆ ಮಂಕಾಗುತ್ತದೆ, ಹಾಲು ಚೀಪುವುದಿಲ್ಲ, ಮೈ ಜೋಲು ಬೀಳುತ್ತದೆ. ಆಮೇಲೆ ಕೀರಲು ದನಿಯಲ್ಲಿ ಅಳುತ್ತದೆ, ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತದೆ. ಇದನ್ನೆಲ್ಲಾ ಅಂಕ ಕೊಟ್ಟು ಅಳೆಯುವ ಪದ್ಧತಿ ಇದೆ. ಆದರೆ 30 ವಾರದ ಮಗು ಮೊದಲೇ ಹಾಲು ಚೀಪುವುದಿಲ್ಲ, ಮೂಗಿನ ಟ್ಯೂಬಿನಲ್ಲಿ ಕೊಡುತ್ತಾರೆ. ಮೊದಲೇ ದಿನವೆಲ್ಲಾ ನಿದ್ದೆ. ಮೊದಲೇ ಮೈ ಮೆತ್ತಗೆ. ಅಳು ಬೆಕ್ಕಿನ ಮರಿಯಷ್ಟು. ಗುರುತು ಹಿಡಿಯಲು ಏನೂ ಉಳಿಯುವುದಿಲ್ಲ. ಕೆಲವು ಮಕ್ಕಳು ಬರೀ ಉಸಿರು ನಿಲ್ಲಿಸುತ್ತವೆ, ಅದು ಸೋಂಕಿನಿಂದಲೂ ಆಗಬಹುದು. ಕೆಲವು ಏನನ್ನೂ ತೋರಿಸದೆ ಮನೆಗೆ ಹೋಗಿ, ತಿಂಗಳುಗಳ ಮೇಲೆ ಕೈಕಾಲು ತಿರುಚುವುದರಲ್ಲಿ, ಕಿವಿ ಕೇಳದಿರುವುದರಲ್ಲಿ ಗೊತ್ತಾಗುತ್ತವೆ. ಎಂಆರ್‌ಐ ಗುರುತೂ ಎಷ್ಟೋ ಸಲ ಆರು ತಿಂಗಳ ಆಚೆಗೇ ಕಾಣುವುದು. "ಅದಕ್ಕೇ ನಾವು ಲಕ್ಷಣ ಬರಲಿ ಅಂತ ಕಾಯಲ್ಲ" ಅಂದರು.

ಬಣ್ಣವನ್ನೂ ನಂಬುವ ಹಾಗಿಲ್ಲ. ಕಾಮಾಲೆ ಮುಖದಿಂದ ಶುರುವಾಗಿ ಪಾದಕ್ಕೆ ಇಳಿಯುತ್ತದೆ ಅನ್ನುವುದು ಹಳೆಯ ಲೆಕ್ಕ. ಲೈಟಿನ ಕೆಳಗಿದ್ದ ಮಗುವಿನ ಚರ್ಮ ಬೆಳ್ಳಗಾಗಿರುತ್ತದೆ, ರಕ್ತದಲ್ಲಿ ಜಾಸ್ತಿಯೇ ಇರಬಹುದು. ನಮ್ಮ ಮಗಳು ಕಪ್ಪಗಿದ್ದಾಳೆ, ಎಳೆಚರ್ಮ ಬೇರೆ. ಆರನೇ ದಿನ ಗಾಜಿನಾಚೆಯಿಂದ ನೋಡಿ ಇವತ್ತು ಬಣ್ಣ ಚೆನ್ನಾಗಿದೆ ಅಂತ ಹೆಂಡತಿಗೆ ಹೇಳಿದ್ದೆ. ಆಗಲೇ 12.4 ಇತ್ತು.

ಮೇಲೆ, ಕೆಳಗೆ, ಪಕ್ಕ, ಮೂರು ಕಡೆಯಿಂದ ಲೈಟ್ ಹಾಕಿದರು. ನನ್ನನ್ನೂ ಬಾಮೈದನನ್ನೂ ರಕ್ತನಿಧಿಗೆ ಕಳಿಸಿದರು. ಎಷ್ಟು ರಕ್ತ ಬೇಕಾಗಬಹುದು ಅಂತ ಕೇಳಿದಾಗ ಸುಮಾರು 200 ಎಂಎಲ್ ಅಂದರು. ಮಗುವಿನ ಮೈಯಲ್ಲಿರುವ ರಕ್ತದ ಎರಡು ಪಟ್ಟು. ಅಂದರೆ ನನ್ನ ಮಗಳ ಮೈಯಲ್ಲಿದ್ದ ರಕ್ತವೆಲ್ಲಾ ಸೇರಿ 100 ಎಂಎಲ್, ಒಂದು ಟೀ ಲೋಟದಷ್ಟು. ಹೊಕ್ಕುಳ ನರದಿಂದ ಐದೈದು ಎಂಎಲ್ ತೆಗೆದು ಐದೈದು ಎಂಎಲ್ ಹಾಕುತ್ತಾ ಹೋಗಬೇಕು. ಅದೂ ಅಪಾಯ ಇಲ್ಲದ ಕೆಲಸ ಏನಲ್ಲ. ಸಹಿ ಹಾಕುವಾಗ ಕೈ ನಡುಗಿತು.

ಆ ಮಧ್ಯಾಹ್ನ ಆಂಟಿಬಯಾಟಿಕ್ ಬದಲಾಯಿಸುವ ಮಾತು ಬಂದಾಗ ಡಾಕ್ಟರ್ ಜೂನಿಯರ್‌ಗೆ, "ಸೆಫ್ಟ್ರಿಯಾಕ್ಸೋನ್ ಬೇಡ, ಬಿಲಿರುಬಿನ್ ಇದೆ" ಅಂದದ್ದು ಕೇಳಿಸಿತು. ಆಮೇಲೆ ಯಾಕೆ ಅಂತ ವಿಚಾರಿಸಿದೆ. ಕೆಲವು ಔಷಧಿಗಳು ಅಲ್ಬುಮಿನ್ನಿನ ಮೇಲೆ ಬಿಲಿರುಬಿನ್ ಇದ್ದ ಜಾಗವನ್ನೇ ಹಿಡಿಯುತ್ತವಂತೆ. ಹಮಾಲನ ಹೆಗಲಿಗೆ ಬೇರೆಯವರ ಚೀಲ ಏರಿಸಿದ ಹಾಗೆ. ನಮ್ಮ ಚೀಲ ಕೆಳಗೆ ಬೀಳುತ್ತದೆ.

ಇದು ತಿಳಿದದ್ದು ಬಹಳ ನೋವಿನಿಂದ. 1950ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ತಿಂಗಳು ತುಂಬದ ಮಕ್ಕಳಿಗೆ ಸೋಂಕು ಬಾರದಿರಲಿ ಅಂತ ಎರಡು ಬಗೆಯ ಔಷಧಿ ಕೊಟ್ಟು ಹೋಲಿಸಿ ನೋಡಿದರು. ಒಂದು ಗುಂಪಿಗೆ ಪೆನಿಸಿಲಿನ್ ಜೊತೆ ಸಲ್ಫಿಸಾಕ್ಸಜೋಲ್ ಅನ್ನುವ ಸಲ್ಫಾ ಔಷಧಿ, ಇನ್ನೊಂದಕ್ಕೆ ಆಕ್ಸಿಟೆಟ್ರಾಸೈಕ್ಲಿನ್. ಸಲ್ಫಾ ಕೊಟ್ಟ ಗುಂಪಿನಲ್ಲೇ ಜಾಸ್ತಿ ಮಕ್ಕಳು ಸತ್ತವು, ಕರ್ನಿಕ್ಟೆರಸ್ ಅವರಲ್ಲೇ ಜಾಸ್ತಿ. ಸಿಲ್ವರ್‌ಮನ್ ಮತ್ತು ಜೊತೆಯವರು 1956ರಲ್ಲಿ ಇದನ್ನು ಪ್ರಕಟಿಸಿದರು. ಸಲ್ಫಾ ತೆಗೆದುಕೊಂಡ ಮಕ್ಕಳ ರಕ್ತದಲ್ಲಿ ಬಿಲಿರುಬಿನ್ ಏರಿರುತ್ತಿರಲಿಲ್ಲ, ಇಳಿದಿರುತ್ತಿತ್ತು. ಅಲ್ಬುಮಿನ್ನಿಂದ ಕಳಚಿಕೊಂಡು ರಕ್ತ ಬಿಟ್ಟು ಮಿದುಳಿಗೆ ಹೋಗಿತ್ತು. ರಿಪೋರ್ಟ್ ನೋಡಿ ಆ ಮಕ್ಕಳ ಅಪ್ಪ ಅಮ್ಮ ಖುಷಿ ಪಟ್ಟಿರಬಹುದು ಅಂತ ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತದೆ.

ಸಂಜೆ ನಾಲ್ಕಕ್ಕೆ ಮತ್ತೆ ರಕ್ತ ತೆಗೆದರು. 11.6. ರಾತ್ರಿ ಹತ್ತಕ್ಕೆ 10.1. ತಂದ ರಕ್ತ ಹಾಕಬೇಕಾಗಿ ಬರಲಿಲ್ಲ. ಅವತ್ತು ರಾತ್ರಿ ಕಾರಿಡಾರಿನ ಚಾಪೆಯ ಮೇಲೆ ನಾನೂ ಬಾಮೈದನೂ ಮಂಡಕ್ಕಿ ತಿಂದೆವು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಅಂತ ಆಗ ಗೊತ್ತಾಯಿತು.

ಆ ಚಾಪೆಯ ಪಕ್ಕದ ಚಾಪೆಯಲ್ಲೇ ಜಗಳೂರಿನವರು ಇದ್ದದ್ದು. ಅವತ್ತೇ ಬಂದಿದ್ದರು. ನನಗಿಂತ ಚಿಕ್ಕ ವಯಸ್ಸು. ಅವರ ಮಗ 35 ವಾರಕ್ಕೆ ಹುಟ್ಟಿದ್ದ. 2.2 ಕೆಜಿ. ನೋಡಲು ಮಾಮೂಲಿ ಮಗುವಿನ ಹಾಗೇ ಇದ್ದನಂತೆ. ಹುಟ್ಟಿದ ಕಡೆ ಗಾಜಿನ ಪೆಟ್ಟಿಗೆ ಬೇಡ, ತಾಯಿ ಹತ್ತಿರವೇ ಇರಲಿ ಅಂದರು. ಎರಡನೇ ದಿನ ಮನೆಗೆ ಕಳಿಸಿದರು. ಬಿಲಿರುಬಿನ್ ನೋಡಲಿಲ್ಲ. ಎರಡು ದಿನ ಬಿಟ್ಟು ಬಂದು ತೋರಿಸಿ ಅಂತಲೂ ಹೇಳಲಿಲ್ಲ. ಮನೆಯಲ್ಲಿ ಕೂಸು ಬರೀ ಮಲಗುತ್ತಿತ್ತು. "ಎಷ್ಟು ಒಳ್ಳೆ ಕೂಸಣ್ಣ, ಅಳೋದೇ ಇಲ್ಲ ಅಂತ ಊರೆಲ್ಲಾ ಹೊಗಳಿದ್ರು" ಅಂದರು ಅವರು. ಹಳದಿ ಕಂಡಾಗ ಯಾರೋ ಸೊಪ್ಪಿನ ರಸ ಕೊಟ್ಟರು. ಎರಡು ದಿನ ಹೋಯಿತು. ಇನ್ನೊಬ್ಬರು ಬರೆ ಹಾಕಿಸಿ ಅಂದರಂತೆ, ಪುಣ್ಯಕ್ಕೆ ತಾಯಿ ಬಿಡಲಿಲ್ಲ. ಆರನೇ ದಿನ ಬೆನ್ನು ಹಿಂದಕ್ಕೆ ಬಾಗಿದಾಗ ಓಡಿಬಂದರು. 27.

ಆ ರಾತ್ರಿಯೇ ಆ ಮಗುವಿನ ರಕ್ತ ಬದಲಾಯಿಸಿದರು.

ನನಗೆ ಅನ್ನಿಸುವುದು ಇಷ್ಟು. ನನ್ನ ಮಗಳ ಹಾಗೆ 1,290 ಗ್ರಾಂ ಹುಟ್ಟಿದ ಮಗುವನ್ನು ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾರೆ. 35, 36 ವಾರದ ಮಕ್ಕಳು ಎರಡೂ ಕಡೆ ಇಲ್ಲದೆ ನಡುವೆ ಜಾರಿಹೋಗುತ್ತಾರೆ. ತೂಕ ಇದೆ, ಅಳುತ್ತದೆ, ಹಾಲಿಗೆ ಬಾಯಿ ಹಾಕುತ್ತದೆ. ಆದರೆ ಎರಡು ಗುಟುಕು ಕುಡಿದು ಸುಸ್ತಾಗಿ ಮಲಗುತ್ತದೆ. ಬಿಲಿರುಬಿನ್ ಜೋರಾಗಿ ಏರುವುದು ಮೂರನೇ ದಿನದ ಆಚೆಗೆ, ಅಷ್ಟು ಹೊತ್ತಿಗೆ ಮನೆಯಲ್ಲಿರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 35 ವಾರ ದಾಟಿದ ಮಕ್ಕಳಿಗೆ ಅಂತ 2022ರಲ್ಲಿ ಹೊಸ ಮಾರ್ಗಸೂಚಿ ಕೊಟ್ಟಿದೆ. ಮಿದುಳಿಗೆ ಅಪಾಯ ಹೆಚ್ಚಿಸುವ ಸಂಗತಿಗಳಲ್ಲಿ ಅದು ಮೊದಲು ಹೇಳುವುದೇ 38 ವಾರಕ್ಕೆ ಮುಂಚೆ ಹುಟ್ಟಿರುವುದನ್ನು. ಆಮೇಲೆ ಅಲ್ಬುಮಿನ್ 3ಕ್ಕಿಂತ ಕಡಿಮೆ ಇರುವುದು, ತಾಯಿ ಮಗುವಿನ ರಕ್ತದ ಗುಂಪು ಹೊಂದದೆ ಕಣ ಒಡೆಯುವುದು, ಜಿ6ಪಿಡಿ ಕೊರತೆ, ಸೋಂಕು, ಹಿಂದಿನ 24 ಗಂಟೆಯಲ್ಲಿ ಮಗುವಿನ ಸ್ಥಿತಿ ಏರುಪೇರಾಗಿದ್ದದ್ದು.

ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮೂರನೇ ದಿನ, ಏಳನೇ ದಿನ ಮನೆಗೆ ಬರುತ್ತಾರೆ. ಅವರು ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಒಳಗೆ ಕರೆದು, ಬೆಳಕಿಗೆ ಮಗುವನ್ನು ಬಿಚ್ಚಿ ತೋರಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆ ಬಿದ್ದ ಮಗುವಿಗೆ ವರ್ಷ ತುಂಬುವವರೆಗೆ ಚಿಕಿತ್ಸೆ ಉಚಿತ, ದುಡ್ಡಿಗೆ ಹೆದರಿ ನಿಲ್ಲಬೇಡಿ. ಟ್ರಂಕಿನಿಂದ ತೆಗೆದ ಬಟ್ಟೆಯ ಬಗ್ಗೆಯೂ ಒಂದು ಮಾತು. ನಮ್ಮತ್ತೆ ಹಳೆಯ ಹತ್ತಿ ಸೀರೆ ಹರಿದು ತಂದಿದ್ದರು, ಡಾಂಬರು ಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಸಿಸ್ಟರ್ ವಾಪಸ್ ಕಳಿಸಿದರು. ಜಿ6ಪಿಡಿ ಕೊರತೆ ಇರುವ ಮಗುವಿಗೆ ಆ ಗುಳಿಗೆಯಿಂದಲೇ ಕೆಂಪು ಕಣ ಒಡೆದು ಬಿಲಿರುಬಿನ್ ಗಗನಕ್ಕೇರಬಹುದಂತೆ. ಇಷ್ಟು ಸಣ್ಣ ವಿಷಯ ನನಗೆ ಗೊತ್ತೇ ಇರಲಿಲ್ಲ.

ಮಗಳನ್ನು ಮನೆಗೆ ಕರೆತಂದದ್ದು 41ನೇ ದಿನ, 1,850 ಗ್ರಾಂ ಆದ ಮೇಲೆ. ಹೆಂಡತಿ ಎದೆಗೆ ಕಟ್ಟಿಕೊಂಡೇ ಕೂತಿರುತ್ತಿದ್ದಳು. ಒಳಲೆಯಲ್ಲಿ ಹಾಲು ಹಾಕುವುದನ್ನು ನಾನೂ ಕಲಿತೆ. ಡಿಸ್ಚಾರ್ಜ್ ಕಾರ್ಡಿನ ಕೆಳಗೆ ಡಾಕ್ಟರ್ ಕೈಯಲ್ಲೇ ಬರೆದಿದ್ದರು: "ಬೇರಾ, ಮೂರು ತಿಂಗಳೊಳಗೆ." ಬಿಲಿರುಬಿನ್ ಮೊದಲು ಕೆಡಿಸುವುದು ಶಬ್ದದ ದಾರಿಯನ್ನು. ಆದ್ದರಿಂದ ಕಿವಿಯ ಪರೀಕ್ಷೆ ಕಡ್ಡಾಯ ಅಂದಿದ್ದರು. ಅದರಲ್ಲೂ ಎರಡು ಬಗೆ ಇದೆ. ಒಎಇ ಅನ್ನುವುದು ಕಿವಿಯೊಳಗಿನ ಯಂತ್ರ ಸರಿ ಇದೆಯಾ ಅಂತ ಮಾತ್ರ ಹೇಳುತ್ತದೆ. ಅಲ್ಲಿಂದ ಮಿದುಳಿನ ತನಕ ನರದ ದಾರಿ ಸರಿ ಇದೆಯಾ ಅಂತ ಹೇಳುವುದು ಬೇರಾ. ಜಾಂಡೀಸಿನಿಂದ ಹಾಳಾದ ಮಗು ಒಎಇ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು. ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಇದ್ದ ಮಗುವಿಗೆ ಬೇರಾ ಆಗಲೇಬೇಕು. ನಮ್ಮ ಮಗಳದ್ದು ಎರಡೂ ಕಿವಿ ಸರಿ ಬಂತು. ಈಗ ಕುಕ್ಕರ್ ಸೀಟಿ ಹೊಡೆದರೆ ಓಡಿಬಂದು ಕಾಲು ತಬ್ಬಿಕೊಳ್ಳುತ್ತಾಳೆ.

ಜಗಳೂರಿನವರ ಮಗ ಕೂತ, ನಿಂತ, ತಡವಾಗಿ ನಡೆದ. ಮಾತು ಬರಲಿಲ್ಲ. ವರ್ಷದ ಹಿಂದೆ ಒಂದು ಕಡೆ ತೋರಿಸಿದಾಗ ಕಿವಿಗೆ ಸಣ್ಣ ಮೆಷಿನ್ ಇಟ್ಟು ನೋಡಿ, ಕಿವಿ ಚೆನ್ನಾಗಿದೆ, ಗಂಡು ಮಕ್ಕಳು ತಡವಾಗಿ ಮಾತಾಡುತ್ತಾರೆ ಅಂದರಂತೆ. ಅದು ಒಎಇ. ಹುಟ್ಟಿದಾಗ 27 ಇತ್ತು ಅನ್ನುವುದನ್ನು ಇವರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಒಂದು ವರ್ಷ ಹಾಗೇ ಹೋಯಿತು. ಹೋದ ತಿಂಗಳು ನಾನು ಒತ್ತಾಯ ಮಾಡಿದ ಮೇಲೆ ಬೇರಾ ಮಾಡಿಸಿದರು. ಅಲೆಯೇ ಬರಲಿಲ್ಲ. ಶಬ್ದ ಕಿವಿಗೆ ಬೀಳುತ್ತದೆ, ನರದ ದಾರಿಯಲ್ಲಿ ಚದುರಿಹೋಗುತ್ತದೆ ಅಂತ ವಿವರಿಸಿದರಂತೆ. ಕಳೆದ ವಾರ ಫೋನ್ ಮಾಡಿದ್ದು ಅದನ್ನು ಹೇಳಲು. "ಅಣ್ಣ, ನಾನು ಅವತ್ತೇ ಕೇಳಬೇಕಿತ್ತು" ಅಂತ ಅತ್ತರು. ಕೇಳಬೇಕು ಅಂತ ಅವರಿಗೆ ಯಾರು ಹೇಳಿದ್ದರು?

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಿಂದ ಇದೇ ಕೆಲಸ ಮಾಡುತ್ತಿರುವ ಜಾಗ. ಮುಂದಿನ ವಾರ ಅಲ್ಲಿಗೆ ಹೊರಟಿದ್ದಾರೆ. ನಾನೂ ಜೊತೆಗೆ ಹೋಗುತ್ತಿದ್ದೇನೆ, ಅಂಗಡಿಯಲ್ಲಿ ಎರಡು ದಿನ ರಜೆ ಕೇಳಿದ್ದೇನೆ. ಹುಟ್ಟಿದಾಗಿನ ಕಾಗದ ಒಂದನ್ನೂ ಬಿಡದೆ ತನ್ನಿ ಅಂತ ಅವರಿಗೆ ಹೇಳಿದ್ದೇನೆ.

ಪುಸ್ತಕದಲ್ಲಿ ಇನ್ನು ಎರಡು ಖಾಲಿ ಹಾಳೆ ಉಳಿದಿದ್ದವು. ಒಂದರಲ್ಲಿ ನಿನ್ನೆ ರಾತ್ರಿ ಅವರ ಮಗನ ಲೆಕ್ಕ ಬರೆದೆ. 35 ವಾರ. 2.2 ಕೆಜಿ. ಎರಡನೇ ದಿನ ಮನೆಗೆ. ಆರನೇ ದಿನ 27. ಅದರ ಪಕ್ಕ ಅಲ್ಬುಮಿನ್ ಅಂತ ಬರೆದು ಜಾಗ ಬಿಟ್ಟಿದ್ದೇನೆ, ಕಾಗದದಲ್ಲಿ ಸಿಗುತ್ತದೋ ನೋಡಬೇಕು. ಅದರ ಕೆಳಗೆ ಮೈಸೂರು ಅಂತ ಬರೆದಿದ್ದೇನೆ.